ಕ್ಯಾಲೆಂಡರ್ ಹಾಳೆಯ ಮೇಲೆ ನಾಲ್ಕು ಊರು

ತುಮಕೂರು ಜಿಲ್ಲೆಯ ನಕ್ಷೆ ಹರಡಿಕೊಂಡು ಕೂತರೆ ಉತ್ತರದ ಕಡೆ ಒಂದು ತಮಾಷೆ ಕಾಣುತ್ತದೆ. ಕೊರಟಗೆರೆ, ಮಧುಗಿರಿ, ಶಿರಾ ಮೂರೂ ಒಂದೇ ಜಗಲಿಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತ ಅಣ್ಣತಮ್ಮಂದಿರ ಹಾಗಿವೆ. ಪಾವಗಡ ಮಾತ್ರ ಜಗಲಿ ಇಳಿದು ಎದುರುಮನೆ ಅಂಗಳದಲ್ಲಿ ಹೋಗಿ ನಿಂತಂತಿದೆ. ಅದರ ಮೂರು ಕಡೆ ಆಂಧ್ರ. ಮಧುಗಿರಿಯಿಂದ ಪಾವಗಡದ ಬಸ್ಸು ಹತ್ತಿದರೆ ನಡುವೆ ಆಂಧ್ರದ ಮಡಕಶಿರಾ ಸಿಗುತ್ತದೆ. ನಮ್ಮ ಜಿಲ್ಲೆಯಿಂದ ನಮ್ಮ ಜಿಲ್ಲೆಗೇ ಹೋಗಲು ಇನ್ನೊಂದು ರಾಜ್ಯ ದಾಟಬೇಕು!

ಬಂಡೆ ಬೆಟ್ಟ, ಹುಣಸೆಮರ, ಕಡಲೆಕಾಯಿ ಹೊಲ, ರಾಗಿ, ಮಳೆಗಾಗಿ ಆಕಾಶ ನೋಡುವ ಜನ. ಇದು ಈ ಸೀಮೆ. ಬ್ಯಾಂಕಿನ ಗುಮಾಸ್ತನಾಗಿ ನಾನು ಇಲ್ಲೇ ಹಲವು ವರ್ಷ ಲೆಡ್ಜರ್ ಬರೆದವನು. 2022ರ ಏಪ್ರಿಲ್ ರಜೆಯಲ್ಲಿ ಮೊಮ್ಮಕ್ಕಳು ಬೆಂಗಳೂರಿನಿಂದ ಬಂದಾಗ ನಾಲ್ಕೂ ಊರುಗಳನ್ನು ಒಂದೇ ಸುತ್ತಿನಲ್ಲಿ ತೋರಿಸಿಬಿಡೋಣ ಎಂದು ತುಮಕೂರಿನಿಂದ ಹೊರಟೆವು. ನಾನು, ನಮ್ಮ ಮನೆಯವರು, ಏಳನೇ ಕ್ಲಾಸಿನ ಮೊಮ್ಮಗ, ನಾಲ್ಕನೇ ಕ್ಲಾಸಿನ ಮೊಮ್ಮಗಳು. ಐದನೆಯದು ಗಾಡಿ.

ಗಾಡಿ 1992ರ ಬಿಳಿ ಅಂಬಾಸಿಡರ್. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಒಯ್ದು ತೋರಿಸಿ ನವೀಕರಿಸಿಕೊಳ್ಳಬೇಕು. 2007, 2012, 2017 ಆಗಿ, ಮುಂದಿನದು ಆ ಜೂನ್‌ಗೆ ಬರಲಿತ್ತು. ಅದೇ ಏಪ್ರಿಲ್ 1ರಿಂದ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಹಸಿರು ತೆರಿಗೆ ಬೇರೆ. ಸಾಲದ್ದಕ್ಕೆ ಶಿವರಾತ್ರಿ ಕಳೆದಾಗಿನಿಂದ ಹಿಂದಿನ ಆಕ್ಸಲ್ ಎಣ್ಣೆ ಸೋರಲು ಶುರು ಮಾಡಿತ್ತು. ದೊಡ್ಡ ಊರಿನ ಒಂದು ಗ್ಯಾರೇಜಿನಲ್ಲಿ ಆಯಿಲ್ ಸೀಲ್ ಬದಲಾಯಿಸಿದರು, ಸೋರಿತು. ಇನ್ನೊಮ್ಮೆ ಬದಲಾಯಿಸಿದರು, ಮತ್ತೆ ಸೋರಿತು. ಮೂರನೇ ಸಲ, "ಹೌಸಿಂಗೇ ಬಿರುಕು ಬಿಟ್ಟಿದೆ ಸಾರ್, ಪೂರ್ತಿ ಆಕ್ಸಲ್ ಬದಲಾಯಿಸ್ಬೇಕು" ಎಂದರು.

ಮಗ ಫೋನಿನಲ್ಲಿ ಹೇಳಿದ, "ಅಪ್ಪಾ, ಸಾಕು. ಗುಜರಿಗೆ ಹಾಕಿಬಿಡಿ."

"ಈ ಸುತ್ತು ಮುಗಿಯೋದ್ರೊಳಗೆ ಸೋರೋದು ನಿಲ್ಲದೇ ಇದ್ರೆ ನೀನು ಹೇಳಿದ ಹಾಗೇ ಆಗಲಿ" ಎಂದೆ. ಹಾಗೆ ಆ ಪ್ರವಾಸಕ್ಕೆ ಒಂದು ಪಂದ್ಯ ಅಂಟಿಕೊಂಡಿತು. ಹೊರಡುವ ಮುಂಚೆ ಆಕ್ಸಲ್ ಎಣ್ಣೆಯ ಮಟ್ಟ ನೋಡಿ ತುಂಬಿಸಿದ್ದೆ. ಡಿಕ್ಕಿಯಲ್ಲಿ ಒಂದು ಡಬ್ಬ 90 ನಂಬರಿನ ಗೇರ್ ಆಯಿಲ್ ಇತ್ತು. ಮೂವತ್ತು ನಲವತ್ತು ಕಿಲೋಮೀಟರಿಗೊಂದು ಊರು, ಊರಿಗೆ ಹತ್ತು ಗ್ಯಾರೇಜು. ಭಯಪಡುವಂಥದ್ದೇನೂ ಇರಲಿಲ್ಲ.

ಮಕ್ಕಳೇ, ಆಕ್ಸಲ್ ಎಂದರೆ ಏನು ಎಂದು ನಿಮ್ಮ ತಾತನನ್ನೋ ಅಜ್ಜಿಯನ್ನೋ ಕೇಳಿ ನೋಡಿ. ಎತ್ತಿನ ಗಾಡಿಯ ಅಚ್ಚು ಎಂದು ಹೇಳುತ್ತಾರೆ. ಎರಡು ಚಕ್ರಗಳ ನಡುವಿನ ದಪ್ಪ ಸಲಾಕೆ. ಅಚ್ಚು ಒಣಗಿದರೆ ಗಾಡಿ ಊರೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ಅದಕ್ಕೇ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಕೀಲೆಣ್ಣೆ ಮಾಡಿ, ಬಿದಿರಿನ ಕೊಳವೆಯಲ್ಲಿ ತುಂಬಿ ಗಾಡಿಯ ಕೆಳಗೆ ನೇತುಹಾಕಿರುತ್ತಿದ್ದರು. ಅಂಬಾಸಿಡರಿನಲ್ಲೂ ಹೆಚ್ಚುಕಡಿಮೆ ಅದೇ ಕಥೆ. ಆದರೆ ಎತ್ತಿನ ಗಾಡಿಯ ಚಕ್ರವನ್ನು ರಸ್ತೆ ತಿರುಗಿಸುತ್ತದೆ. ಇಲ್ಲಿ ಚಕ್ರವನ್ನು ಎಂಜಿನ್ ತಿರುಗಿಸಬೇಕು. ಎಂಜಿನ್ ಮುಂದಿದೆ, ತಳ್ಳುವ ಚಕ್ರ ಹಿಂದಿದೆ. ನಡುವೆ ಗಾಡಿಯ ಹೊಟ್ಟೆಯ ಕೆಳಗೆ ಒಂದು ಉದ್ದನೆಯ ರಾಡು ಗಿರಗಿರ ತಿರುಗುತ್ತಾ ಹಿಂದಕ್ಕೆ ಬರುತ್ತದೆ. ಹಿಂದೆ ಕುಂಬಳಕಾಯಿಯ ಹಾಗೆ ಉಬ್ಬಿದ ಕಬ್ಬಿಣದ ಡಬ್ಬವೊಂದಿದೆ. ಅದೇ ಹೌಸಿಂಗ್. ಅದರೊಳಗೆ ರಾಡಿನ ತುದಿಯ ಚಿಕ್ಕ ಹಲ್ಲುಚಕ್ರ, ಅಂದರೆ ಪಿನಿಯನ್, ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಉದ್ದಕ್ಕೆ ಬಂದ ತಿರುಗು ಅಲ್ಲಿ ಅಡ್ಡಕ್ಕೆ ಹೊರಳಿ ಎಡ ಬಲದ ಚಕ್ರಗಳಿಗೆ ಹೋಗುತ್ತದೆ.

ಅಲ್ಲೇ ಇನ್ನೊಂದು ಜಾಣತನವೂ ಇದೆ. ಶಾಲೆಯಲ್ಲಿ ಕವಾಯತು ಮಾಡುವಾಗ ಸಾಲು ತಿರುವಿನಲ್ಲಿ ಹೊರಳಿದರೆ ಹೊರಗಿನ ಹುಡುಗ ಓಡಬೇಕು, ಒಳಗಿನವನು ನಿಂತಲ್ಲೇ ಹೆಜ್ಜೆ ಹಾಕಬೇಕು, ಅಲ್ಲವೇ? ಚಕ್ರಗಳೂ ಹಾಗೇ. ಒಂದು ಹೆಚ್ಚು, ಒಂದು ಕಡಿಮೆ ತಿರುಗಲು ಬಿಡುವ ಹಲ್ಲುಗಳ ಏರ್ಪಾಡಿಗೆ ಡಿಫರೆನ್ಷಿಯಲ್ ಎನ್ನುತ್ತಾರೆ. ಇಷ್ಟೆಲ್ಲ ಹಲ್ಲುಗಳು ಒಂದರ ಮೇಲೊಂದು ಉಜ್ಜುವುದರಿಂದ ಡಬ್ಬದ ತುಂಬ ದಪ್ಪ ಎಣ್ಣೆ. ಶಾಫ್ಟುಗಳು ಡಬ್ಬದಿಂದ ಹೊರಬರುವ ಮೂರು ಬಾಯಿಗಳಲ್ಲಿ, ಎಂದರೆ ಮುಂದೆ ಪಿನಿಯನ್ ಹತ್ತಿರ ಒಂದು, ಎಡ ಬಲದ ಚಕ್ರಗಳ ಹತ್ತಿರ ಒಂದೊಂದು, ಎಣ್ಣೆ ಹೊರಗೆ ಬಾರದಂತೆ ರಬ್ಬರ್ ತುಟಿಯ ಸೀಲುಗಳು.

ಕೊರಟಗೆರೆ ತಲುಪಿದಾಗ ಎಂಟು ಗಂಟೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಹರಿಯುವ ಸೀಮೆ ಇದು. ಹಿಂದಿನ ವರ್ಷದ ಕೊನೆಯಲ್ಲಿ ಚೆನ್ನಾಗಿ ಮಳೆಯಾಗಿದ್ದರಿಂದ ಬೇಸಿಗೆಯಲ್ಲೂ ದಾರಿಯ ತೋಟಗಳು ಹಸಿರಾಗಿದ್ದವು. ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದ ಕೂಡಲೇ ಮೊಮ್ಮಗ ಹಳೇ ಕ್ಯಾಲೆಂಡರಿನ ಒಂದು ಹಾಳೆಯನ್ನು ಹರಿದು, ಬಿಳಿ ಬೆನ್ನು ಮೇಲಾಗಿ ಆಕ್ಸಲ್ ಕೆಳಗೆ ತಳ್ಳಿದ. ಇದು ಅವನದೇ ಯೋಚನೆ. ಹಿಂದಿನ ರಾತ್ರಿ ಮನೆಯಲ್ಲೂ ಒಂದು ಹಾಳೆ ಹಾಸಿದ್ದ. ಬೆಳಿಗ್ಗೆ ಅದರ ಮೇಲೆ ಒಂದು ಹನಿಯೂ ಇರಲಿಲ್ಲ. ಇಲ್ಲಿ ನಾವು ಇಡ್ಲಿ ತಿಂದು ಬರುವಷ್ಟರಲ್ಲಿ ಒಂಬತ್ತು ಹನಿ! ಹಾಳೆಯ ಮೂಲೆಯಲ್ಲಿ ಊರು, ಗಂಟೆ, ಹನಿಗಳ ಲೆಕ್ಕ ಬರೆದುಕೊಂಡ. ನನ್ನ ಕಣ್ಣಿಗೆ ಅದು ಅಚ್ಚುಕಟ್ಟಾದ ಡೇ ಬುಕ್ಕಿನ ಹಾಗೆ ಕಂಡಿತು.

ಮೊದಲು ತಿಳಿಯಬೇಕಾದ್ದು ಇದು ಯಾವ ಎಣ್ಣೆ ಎಂಬುದು. ಹಿಂದಿನ ಚಕ್ರದ ಹತ್ತಿರ ಎರಡು ಬಗೆಯ ಎಣ್ಣೆ ಇರುತ್ತದೆ. ಒಂದು ಆಕ್ಸಲಿನ ಗೇರ್ ಆಯಿಲ್, ಇನ್ನೊಂದು ಬ್ರೇಕ್ ಆಯಿಲ್. ಸೋರುವುದು ಬ್ರೇಕ್ ಆಯಿಲ್ ಆಗಿದ್ದರೆ ಆಟವಲ್ಲ, ಗಾಡಿ ಅಲ್ಲಿಂದ ಅಲುಗಬಾರದು. ಹೋಟೆಲಿನವರಿಂದ ಒಂದು ಲೋಟ ನೀರು ಇಸಿದುಕೊಂಡು ಒಂದು ಹನಿ ಬಿಟ್ಟೆವು. ಬ್ರೇಕ್ ಆಯಿಲ್ ತೆಳ್ಳಗೆ, ನೀರಿನಲ್ಲಿ ಬೆರೆತುಹೋಗುತ್ತದೆ. ಇದು ಬೆರೆಯಲಿಲ್ಲ, ಮೇಲೆ ಕಣ್ಣಿನ ಹಾಗೆ ತೇಲಿತು. ಮೊಮ್ಮಗಳು ಬೆರಳಿಗೆ ಹಚ್ಚಿ ಮೂಸಿ, "ಥೂ, ಕೊಳೆತ ಬೆಳ್ಳುಳ್ಳಿ!" ಎಂದು ಮುಖ ಸಿಂಡರಿಸಿದಳು. ಸರಿಯಾಗೇ ಹೇಳಿದಳು. ಹಲ್ಲುಗಳು ಒತ್ತಡದಲ್ಲಿ ಸವೆಯದಿರಲೆಂದು ಈ ಎಣ್ಣೆಗೆ ಗಂಧಕದ ಅಂಶ ಸೇರಿಸಿರುತ್ತಾರೆ. ಆ ವಾಸನೆ ಅದರದೇ. ಲೋಟ ಕೇಳಿ ಪಡೆದದ್ದಕ್ಕೆ ಹೋಟೆಲಿನವರಿಗೆ ಅದರ ಬೆಲೆ ಕೊಟ್ಟು, ಲೋಟವನ್ನು ನಮ್ಮ ಜೊತೆಗೇ ಇಟ್ಟುಕೊಂಡೆವು.

ಅಲ್ಲಿಂದ ಗೊರವನಹಳ್ಳಿಗೆ ಹೋಗಿ ಮಹಾಲಕ್ಷ್ಮಿಯ ದರ್ಶನ ಮಾಡಿದೆವು. ಶುಕ್ರವಾರವಲ್ಲದ್ದರಿಂದ ನೂಕುನುಗ್ಗಲು ಇರಲಿಲ್ಲ. ಬಿಸಿಯಾಗಿ ನಿಂತಿದ್ದ ಗಾಡಿಯ ಕೆಳಗೆ ಅಲ್ಲೂ ಏಳು ಹನಿ. ಆದರೆ ಒಂದು ಗಂಟೆ ಬಿಟ್ಟು ಬಂದು ನೋಡಿದಾಗ ಎಂಟನೆಯದು ಬಿದ್ದಿರಲಿಲ್ಲ. ಮೊಮ್ಮಗ ಅದನ್ನೂ ಬರೆದ: "ಮೊದಲ ಹತ್ತು ನಿಮಿಷ ಮಾತ್ರ." ಅದರ ಬೆಲೆ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕೊರಟಗೆರೆ ಬಿಟ್ಟ ಸ್ವಲ್ಪ ಹೊತ್ತಿಗೆ ಮಧುಗಿರಿ ಬೆಟ್ಟ ಎದುರಿಗೆ ಏಳುತ್ತದೆ. ಆನೆ ಮಲಗಿದ ಹಾಗೆ ಎಂದು ಬರೆಯುವವರಿದ್ದಾರೆ. ನನಗೆ ಮಾತ್ರ ಅದು ಯಾರೋ ಮಗುಚಿಟ್ಟ ಕಡಾಯಿಯ ಹಾಗೇ ಕಾಣುವುದು. ಇಡೀ ಬೆಟ್ಟ ಒಂದೇ ಬಂಡೆ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಇಲ್ಲಿನ ಪಾಳೆಯಗಾರ ರಾಜಾ ಹಿರೇಗೌಡ 17ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆ ಬುಡದಿಂದ ನೆತ್ತಿಯವರೆಗೆ ಹಂತಹಂತವಾಗಿ ಏರುತ್ತದೆ. ಮೊದಲು ಊರಿನ ಹೆಸರು ಮದ್ದಗಿರಿ. ಮಧುಗಿರಿ ಆದದ್ದು 1927ರಲ್ಲಿ. ಮಧು ಎಂದರೆ ಜೇನು. ಹೆಜ್ಜೇನು ಎದ್ದರೆ ಓಡಲು ಜಾಗವಿಲ್ಲದ ಬಂಡೆ ಅದು, ಹತ್ತುವ ಮಕ್ಕಳು ಕೂಗಾಡಬಾರದು, ಕಲ್ಲೆಸೆಯಬಾರದು. ಬಿಸಿಲೇರಿದ್ದರಿಂದ ಅಜ್ಜಿ ಮೊಮ್ಮಕ್ಕಳು ಕೆಳಗಿನ ಬಾಗಿಲುಗಳನ್ನಷ್ಟೇ ನೋಡಿ ಬರಲು ಹೋದರು. ಮೇಲಿನ ಕಡಿದಾದ ಜಾಗವನ್ನು ಏರಬೇಕಾದರೆ ಬೆಳಗಿನ ತಂಪಿನಲ್ಲಿ ಬರಬೇಕು.

ನಾನು ಪಂಕ್ಚರ್ ಅಂಗಡಿಯೊಂದರ ಮುಂದೆ ಗಾಡಿ ನಿಲ್ಲಿಸಿದೆ. ಅಂಗಡಿಯ ಹುಡುಗ ಗಾಡಿಯ ಹಿಂಭಾಗವನ್ನು ಎತ್ತಿ, ಗಟ್ಟಿ ಮರದ ದಿಮ್ಮಿಗಳ ಮೇಲೆ ಕೂರಿಸಿ, ಸೀಮೆಎಣ್ಣೆ ಬಟ್ಟೆಯಿಂದ ಆಕ್ಸಲನ್ನು ಉದ್ದಕ್ಕೂ ಒರೆಸಿದ. ಎರಡು ತಿಂಗಳ ಎಣ್ಣೆ, ಅದರ ಮೇಲೆ ಧೂಳು, ಅದರ ಮೇಲೆ ಮತ್ತೆ ಎಣ್ಣೆ. ದೋಸೆ ಕಾವಲಿಗೆ ಹಿಡಿದ ಜಿಡ್ಡಿನ ಹಾಗೆ ಗಟ್ಟಿಯಾಗಿತ್ತು. ಇಂಥ ಜಿಡ್ಡಿನ ನಡುವೆ ಸೋರುವ ಜಾಗ ಹುಡುಕುವುದು ಜಾತ್ರೆಯಲ್ಲಿ ಕಳೆದ ಮಗುವನ್ನು ಹುಡುಕಿದ ಹಾಗೆ. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ಒಯ್ದು ಬಳಿಯುತ್ತದೆ. ತನ್ನ ಭಾರಕ್ಕೆ ಅದು ಕೆಳಕ್ಕೆ ಇಳಿಯುತ್ತದೆ. ಹನಿ ಬಿದ್ದ ಜಾಗಕ್ಕೂ ಸೋರುವ ಜಾಗಕ್ಕೂ ಸಂಬಂಧವೇ ಇರುವುದಿಲ್ಲ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾಗಿರುವುದೇ ಮೂಲ.

ಒರೆಸಿ ಒಣಗಿದ ಮೇಲೆ ಮೊಮ್ಮಗಳ ಮುಖದ ಪೌಡರ್ ಡಬ್ಬ ತೆಗೆದು ಆಕ್ಸಲಿಗೆ ಧಾರಾಳವಾಗಿ ಉದುರಿಸಿದೆ. ಬೆಟ್ಟದಿಂದ ಇಳಿದು ಬಂದವಳು, "ತಾತ, ಅದು ನನ್ನದು!" ಎಂದು ಕಾಲು ಅಪ್ಪಳಿಸಿದಳು. ಬಿಳಿ ಪುಡಿಯ ಮೇಲೆ ಎಣ್ಣೆ ಎಲ್ಲಿಂದ ಹೊರಟರೂ ಕಪ್ಪು ಗೆರೆ ಎಳೆಯುತ್ತದೆ ಎಂದು ತೋರಿಸಿದ ಮೇಲೆ ಕೋಪ ಇಳಿಯಿತು. ಆದರೂ ಶಿರಾದಲ್ಲಿ ಹೊಸ ಡಬ್ಬ ಕೊಡಿಸುವ ಮಾತು ಪಡೆದೇ ಹತ್ತಿದಳು.

ಮಧುಗಿರಿಯಿಂದ ಶಿರಾ ಹತ್ತಿರ ಹತ್ತಿರ 40 ಕಿಲೋಮೀಟರ್. ಮಧ್ಯಾಹ್ನದ ಬಿಸಿಲು, ಕಾದ ಡಾಂಬರು. ಊರು ಸೇರುವ ಹೊತ್ತಿಗೆ ಹಿಂದಿನಿಂದ ಸಣ್ಣಗೆ ಕುಂಯ್ ಎಂಬ ಸದ್ದು ಕೇಳಿದಂತಾಯಿತು. ಎಣ್ಣೆ ಕಡಿಮೆಯಾದರೆ ಹಲ್ಲುಗಳು ಹೀಗೆ ಗೊಣಗುತ್ತವೆ. ಹಿಂದಿನ ಸೀಟಿನಲ್ಲಿ ಮಕ್ಕಳು ಅಂತ್ಯಾಕ್ಷರಿ ಹಾಡುತ್ತಿದ್ದರು. ನನ್ನ ಕಿವಿ ಮಾತ್ರ ಅವರ ಸೀಟಿನ ಕೆಳಗಿತ್ತು.

ಶಿರಾದಲ್ಲಿ ನಮ್ಮ ಮನೆಯವರ ತಂಗಿಯ ಮನೆ. ಅವರ ಯಜಮಾನರು ನೇರ ಒಬ್ಬ ಹಳೇ ಮೇಸ್ತ್ರಿಯ ಹತ್ತಿರ ಕರೆದೊಯ್ದರು. ಹುಣಸೆಮರದ ಕೆಳಗೆ ಒಂದು ತಗಡಿನ ಚಪ್ಪರ, ನಾಲ್ಕು ಸ್ಪ್ಯಾನರು, ಅರವತ್ತು ದಾಟಿದ ಮೇಸ್ತ್ರಿ. ಗಾಡಿ ನೋಡಿ ಅವರ ಮುಖ ಅರಳಿತು. ಆದರೆ ಗಾಡಿಯ ಕೆಳಗೆ ಹೋಗಲಿಲ್ಲ. ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಬಿಸಿ ಇದ್ದಾಗ ಸೋರ್ತದೋ ಸ್ವಾಮಿ, ತಣ್ಣಗಾದ ಮ್ಯಾಲೋ?"

ಮೊಮ್ಮಗ ತಕ್ಷಣ ತನ್ನ ಕ್ಯಾಲೆಂಡರ್ ಹಾಳೆಗಳನ್ನು ಹರಡಿದ. ಮನೆಯಲ್ಲಿ ರಾತ್ರಿಯಿಡೀ ಸೊನ್ನೆ. ಕೊರಟಗೆರೆಯಲ್ಲಿ ಒಂಬತ್ತು. ಗೊರವನಹಳ್ಳಿಯಲ್ಲಿ ಹತ್ತು ನಿಮಿಷಕ್ಕೆ ಏಳು, ಆಮೇಲೆ ಇಲ್ಲ. ಮೇಸ್ತ್ರಿ ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ನೋಡಿದರು. "ಮಗಾ, ಇದನ್ನ ಬರ್ದೋನು ನೀನೇನಾ?" ಎಂದರು. ಅವನು ತಲೆಯಾಡಿಸಿದ. ಪಂದ್ಯದ ಅರ್ಧ ಅಲ್ಲೇ ಮುಗಿಯಿತು.

ಮೇಸ್ತ್ರಿ ಚಕ್ರಗಳಿಗೆ ಕಲ್ಲು ಒತ್ತಿಟ್ಟು, ಗಾಡಿ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಕೆಳಗೆ ನುಸುಳಲು ಹೊರಟ ಹುಡುಗನ ಅಂಗಿ ಹಿಡಿದು ಎಳೆದು, "ಬರೀ ಜಾಕಿ ಮ್ಯಾಲೆ ನಿಂತ ಗಾಡಿ ಕೆಳೀಕೆ ಯಾವತ್ತೂ ಹೋಗ್ಬಾರ್ದು. ಸ್ಟ್ಯಾಂಡ್ ಇದ್ರೂ ನೀನು ಹೊರಗಿಂದ್ಲೇ ನೋಡು" ಎಂದರು. ಟಾರ್ಚು ಬಿಟ್ಟು ನೋಡಿದರೆ ಪೌಡರು ತನ್ನ ಕೆಲಸ ಮಾಡಿತ್ತು. ಮುಂದೆ ಪಿನಿಯನ್ ಸೀಲಿನ ತುಟಿಯಿಂದ ಒಂದು ಕಪ್ಪು ಗೆರೆ; ಎಡ ಚಕ್ರದ ಹಿಂದೆ ಸಣ್ಣದೊಂದು ಒದ್ದೆ. ಬಿರುಕು ಬಿಟ್ಟಿದೆ ಎಂದು ಹೇಳಿದ್ದ ಹೌಸಿಂಗಿನ ಹೊಟ್ಟೆ ಮಾತ್ರ ಮಗುವಿನ ಕೆನ್ನೆಯ ಹಾಗೆ ಬೆಳ್ಳಗೇ ಇತ್ತು. ಬಿರುಕಿಲ್ಲ!

ಮೇಸ್ತ್ರಿ ಎಣ್ಣೆ ತುಂಬುವ ಬಿರಡೆಗೆ ಸ್ಪ್ಯಾನರ್ ಹಾಕಿ, ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಅರ್ಧ ಸುತ್ತು ಸಡಿಲಿಸಿದರು. ಬುಸ್ಸ್ ಎಂದು ಗಾಳಿ ಹೊರಬಂತು. ಹಾವಿನ ಬುಟ್ಟಿಯ ಮುಚ್ಚಳ ತೆಗೆದ ಹಾಗೆ.

"ಉಸ್ರು ಕಟ್ಟೈತೆ ಪಾಪ" ಎಂದರು.

ಆಕ್ಸಲಿನ ಮೇಲ್ಭಾಗದಲ್ಲಿ ಹುಣಸೆಬೀಜದಷ್ಟು ದೊಡ್ಡ ಒಂದು ತೊಟ್ಟು ಇರುತ್ತದೆ. ಹೆಸರು ಬ್ರೀದರ್. ಒಳಗಿನ ಗಾಳಿ ಕಾದು ಹಿಗ್ಗಿದಾಗ ಹೊರಹೋಗಲು, ತಣಿದಾಗ ಒಳಬರಲು ಇರುವ ಮೂಗು ಅದು. ಆ ಮೂಗಿನ ಮೇಲೆ ದಪ್ಪನೆಯ ಕಪ್ಪು ಬಣ್ಣ ಮೆತ್ತಿತ್ತು. ಫೆಬ್ರುವರಿಯಲ್ಲಿ ಆರ್‌ಟಿಒ ತಪಾಸಣೆಗೆ ತಯಾರಿಯೆಂದು ಅದೇ ದೊಡ್ಡ ಊರಿನ ಗ್ಯಾರೇಜಿನವರು ತಳಕ್ಕೆಲ್ಲ ತುಕ್ಕು ತಡೆಯುವ ಬಣ್ಣ ಸಿಂಪಡಿಸಿದ್ದರು. ಸಿಂಪಡಿಸುವವನ ಕೈಗೆ ಮೂಗು ಯಾವುದು, ಕೆನ್ನೆ ಯಾವುದು ಗೊತ್ತಾಗಬೇಕಲ್ಲ! ಸೋರಿಕೆ ಶುರುವಾದದ್ದು ಅದಾದ ಮೇಲೆಯೇ.

ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ 30 ಡಿಗ್ರಿ ಇದ್ದ ಆಕ್ಸಲ್ ಓಡಿ ಓಡಿ 80 ಡಿಗ್ರಿಗೆ ಕಾದರೆ ಒಳಗಿನ ಗಾಳಿ ಸುಮಾರು ಆರನೇ ಒಂದು ಪಾಲು ಹೆಚ್ಚು ಜಾಗ ಕೇಳುತ್ತದೆ. ಜಾಗ ಸಿಗದಿದ್ದರೆ ಅದು ಎಣ್ಣೆಯನ್ನು ಸೀಲಿನ ತುಟಿಯ ಕಡೆಗೆ ನೂಕುತ್ತದೆ. ಹೊಸ ಸೀಲ್ ಹಾಕಿ, ಬಂಗಾರದ ಸೀಲ್ ಹಾಕಿ, ಅದರಿಂದ ಏನೂ ಆಗದು. ತಣ್ಣಗಾದ ಮೇಲೆ ನೂಕುವವರಿಲ್ಲ, ಹನಿಯೂ ಇಲ್ಲ.

ಇದನ್ನು ನಾನು ಬಿಡಿಸಿ ಹೇಳುತ್ತಿದ್ದರೆ ನಮ್ಮ ಮನೆಯವರು ನಡುವೆ ಬಾಯಿ ಹಾಕಿದರು. "ಇದಕ್ಕೆ ಇಷ್ಟೊಂದು ಯಾಕೆ ಹೇಳ್ತೀರಿ? ಕುಕ್ಕರ್ ತೂತಿಗೆ ಬೇಳೆ ಸಿಕ್ಕೊಂಡ್ರೆ ಗ್ಯಾಸ್ಕೆಟ್ ಸಂದೀಲಿ ನೀರು ಬರಲ್ವೇ? ಆಗ ಗ್ಯಾಸ್ಕೆಟ್ ಬದಲಾಯಿಸ್ತೀವಾ, ತೂತಿಗೆ ಕಡ್ಡಿ ಹಾಕ್ತೀವಾ?" ಮೇಸ್ತ್ರಿ ನಕ್ಕು, "ಅಮ್ಮೋರಿಗೆ ಎಲ್ಲ ಗೊತ್ತೈತೆ" ಎಂದು ಬ್ರೀದರ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ತೆಳ್ಳನೆಯ ತಂತಿ ಆಡಿಸಿ ಬಣ್ಣವನ್ನು ಕಿತ್ತರು. ಬಾಯಿಂದ ಊದಿ ಗಾಳಿ ಆಡುವುದನ್ನು ನೋಡಿಕೊಂಡು ಮತ್ತೆ ಕೂರಿಸಿದರು. ಬಿರಡೆ ತೆಗೆದು ಕಿರುಬೆರಳು ಹಾಕಿ ಎಣ್ಣೆಯ ಮಟ್ಟ ನೋಡಿದರು. ತೂತಿನ ಕೆಳ ಅಂಚಿಗೆ ಎಣ್ಣೆ ತಾಗಬೇಕು, ಅಷ್ಟೇ. ಕಡಿಮೆಯಾದರೆ ಹಲ್ಲು ಸವೆಯುತ್ತದೆ, ಹೆಚ್ಚು ತುಂಬಿದರೆ ಅದೂ ಸೀಲಿನ ಮೇಲೇ ಹೋಗುತ್ತದೆ. ನಮ್ಮ ಡಬ್ಬದಿಂದ ತುಂಬಿಸಿದರು. ಪಿನಿಯನ್ ಸೀಲನ್ನು ಮುಟ್ಟಲಿಲ್ಲ. ಆ ನಟ್ಟಿಗೆ ಒಂದು ಅಳತೆಯ ಬಿಗಿ ಇದೆಯಂತೆ. ಪದೇ ಪದೇ ಬಿಚ್ಚಿ ಮನಸ್ಸಿಗೆ ಬಂದಂತೆ ಬಿಗಿದರೆ ಬೇರಿಂಗ್ ಕೆಟ್ಟು ಆ ಕುಂಯ್ ಶಾಶ್ವತವಾಗುತ್ತದೆ.

ಹೊಸ ಪೌಡರು ಹಚ್ಚಿ ಪರೀಕ್ಷೆಗೆ ಕಗ್ಗಲಡುವಿಗೆ ಹೊರಟೆವು. ಶಿರಾದಿಂದ ಕೆಲವೇ ಕಿಲೋಮೀಟರ್ ದೂರದ ಈ ಹಳ್ಳಿಯ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. ಕಾಡಿನಲ್ಲಲ್ಲ, ಮನೆಗಳ ನಡುವಿನ ಮರಗಳಲ್ಲೇ! ಹಿಕ್ಕೆಯ ವಾಸನೆ, ಮರಿಗಳ ಗಲಾಟೆ, ಅಂಗಳಕ್ಕೆ ಬೀಳುವ ಮೀನಿನ ತುಂಡು, ಇವೆಲ್ಲವನ್ನೂ ಊರವರು ಸಹಿಸಿಕೊಂಡಿದ್ದಾರೆ. ಸಹಿಸಿಕೊಂಡಿದ್ದಾರೆ ಎನ್ನುವುದಕ್ಕಿಂತ ಬಾಣಂತನಕ್ಕೆ ಬಂದ ಮಗಳನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಾರೆ ಎನ್ನಬೇಕು. ಮೊಮ್ಮಗಳು ಗುಲಾಬಿ ರೆಕ್ಕೆಯ ಹಕ್ಕಿಗಳನ್ನು ಎಣಿಸಲು ಹೋಗಿ ನಲವತ್ತಕ್ಕೆ ಲೆಕ್ಕ ತಪ್ಪಿದಳು. ಮೊಮ್ಮಗ ಹಕ್ಕಿ ಬಿಟ್ಟು ಹಾಳೆ ನೋಡುತ್ತಿದ್ದ. ಪಿನಿಯನ್ ಕೆಳಗೆ ಒಂದು ಹನಿಯೂ ಬಿದ್ದಿರಲಿಲ್ಲ. ಎಡ ಚಕ್ರದ ಒಳಬದಿಯ ಟೈರಿನ ಮೇಲೆ ಮಾತ್ರ ಎಣ್ಣೆಯ ಗೀರೊಂದು ಹೊಳೆಯುತ್ತಿತ್ತು.

ಹಿಂದಿರುಗಿ ತೋರಿಸಿದಾಗ ಮೇಸ್ತ್ರಿಯ ನಗು ಹೋಯಿತು. ಚಕ್ರ, ಬ್ರೇಕ್ ಡ್ರಮ್ ಬಿಚ್ಚಿದರು. ಎರಡು ತಿಂಗಳ ಒತ್ತಡಕ್ಕೆ ಎಡಗಡೆಯ ಹಳೇ ಸೀಲಿನ ತುಟಿ ಹೊರಳಿ, ಎಣ್ಣೆ ಡ್ರಮ್ಮಿನೊಳಕ್ಕೆ ಇಳಿದಿತ್ತು. ಬ್ರೇಕ್ ಲೈನಿಂಗ್ ಎಣ್ಣೆ ಕುಡಿದು ಕಪ್ಪಾಗಿತ್ತು. ಎಣ್ಣೆ ಕುಡಿದ ಬ್ರೇಕ್ ಹಿಡಿಯುವುದಿಲ್ಲ. ಒಂದು ಕಡೆ ಹಿಡಿದು ಇನ್ನೊಂದು ಕಡೆ ಜಾರಿದರೆ ಗಾಡಿ ಅಡ್ಡ ತಿರುಗಬಹುದು. "ಹನಿ ನೆಲಕ್ಕೆ ಬಿದ್ರೆ ನಷ್ಟ ದುಡ್ಡಿಂದು. ಇದು ಹಂಗಲ್ಲ. ಮಕ್ಕಳನ್ನ ಕೂರಿಸ್ಕೊಂಡು ಇದ್ರಲ್ಲಿ ಪಾವಗಡಕ್ಕೆ ನಾನು ಬಿಡಾಕಿಲ್ಲ" ಎಂದರು. ನಾನೂ ಹೋಗುವವನಿರಲಿಲ್ಲ. ಲೈನಿಂಗ್ ತೊಳೆದು ಹಾಕಿದರೆ ಆಗದೇ ಎಂದು ಪಕ್ಕದಲ್ಲಿ ನಿಂತವರೊಬ್ಬರು ಕೇಳಿದರು. ಆಗದು. ಒಳಗೆ ಇಂಗಿದ ಎಣ್ಣೆ ಕಾದಾಗ ಮತ್ತೆ ಮೇಲೆ ಬರುತ್ತದೆ. ಎರಡೂ ಕಡೆಯ ಬ್ರೇಕ್ ಒಂದೇ ಸಮ ಹಿಡಿಯಬೇಕಾದ್ದರಿಂದ ಬಲಗಡೆಯದನ್ನೂ ಬದಲಾಯಿಸಬೇಕು.

ಅಂಬಾಸಿಡರಿನ ಸಾಮಾನು ಈಗ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಕಂಪನಿ ಗಾಡಿ ಮಾಡುವುದನ್ನು ನಿಲ್ಲಿಸಿದ್ದೇ 2014ರಲ್ಲಿ. ತುಮಕೂರಿನ ಅಂಗಡಿಗೆ ಫೋನ್ ಮಾಡಿ, ಮರುದಿನ ಬೆಳಗಿನ ಬಸ್ಸಿಗೆ ಪಾರ್ಸೆಲ್ ಹಾಕಿಸಿದೆವು. ಅದು ಬರುವವರೆಗೆ ಶಿರಾ ನೋಡಲು ಪುರುಸೊತ್ತು ಸಿಕ್ಕಿತು. ಹೆದ್ದಾರಿಯಲ್ಲಿ ಸಾಗುವವರು ಶಿರಾ ಎಂದರೆ ಊಟದ ಹೋಟೆಲು ಎಂದುಕೊಂಡಿದ್ದಾರೆ. ಕಸ್ತೂರಿ ರಂಗಪ್ಪನಾಯಕ ಕಟ್ಟಲು ಶುರುಮಾಡಿದ ಈ ಊರು ಬಿಜಾಪುರದವರ ಕೈಗೆ ಹೋಗಿ, 1687ರಲ್ಲಿ ಮೊಗಲರ ಸುಬಾದ ರಾಜಧಾನಿಯಾಯಿತು. ದೆಹಲಿಯ ಬಾದಶಹನ ಕಂದಾಯದ ಲೆಕ್ಕ ಬರೆಯುವ ಗುಮಾಸ್ತರು ಇಲ್ಲಿ ಎಷ್ಟು ಜನ ಇದ್ದರೋ! ನನಗೆ ಮೊದಲು ಬಂದ ಯೋಚನೆ ಅದೇ. 1651ರ ಮಲಿಕ್ ರಿಹಾನ್ ಗೋರಿಯ ಗುಮ್ಮಟದ ಕೆಳಗೆ ಎಂಥ ಬಿಸಿಲಿನಲ್ಲೂ ತಂಪು. 1696ರ ಜುಮ್ಮಾ ಮಸೀದಿಯ ಕಲ್ಲುಕೆಲಸವನ್ನು ಮೊಮ್ಮಗಳು ತನ್ನ ಡ್ರಾಯಿಂಗ್ ಪುಸ್ತಕಕ್ಕೆ ಇಳಿಸಿಕೊಂಡಳು.

ಮಧ್ಯಾಹ್ನ ಮೇಸ್ತ್ರಿ ಶಾಫ್ಟನ್ನು ಹೊರಗೆಳೆದು, ಸೀಲಿನ ತುಟಿ ಉಜ್ಜುವ ಜಾಗದ ಮೇಲೆ ಮೊಮ್ಮಗನ ಉಗುರು ಆಡಿಸಿದರು. "ಏನಾದ್ರೂ ಗೊತ್ತಾಯ್ತದಾ?" ಕೂದಲೆಳೆಯಷ್ಟು ಸಣ್ಣ ಗುಳಿ. ಮೂವತ್ತು ವರ್ಷ ರಬ್ಬರ್ ಉಜ್ಜಿ ಉಕ್ಕನ್ನೂ ಸವೆಸಿತ್ತು. ಹೊಸ ಸೀಲ್ ಅದೇ ಗುಳಿಯಲ್ಲಿ ಕೂತರೆ ಮತ್ತೆ ಸೋರುತ್ತದೆ. ಅದಕ್ಕೇ ಸೀಲನ್ನು ಒಂದು ನೂಲಿನಷ್ಟು ಈಚೆಗೆ ಕೂರಿಸಿ, ತುಟಿ ನಯವಾದ ಜಾಗದ ಮೇಲೆ ಉಜ್ಜುವಂತೆ ಮಾಡಿದರು. ಬೇರಿಂಗ್ ಅಲುಗಾಡಿಸಿ ನೋಡಿದರು, ಗಟ್ಟಿಯಾಗಿತ್ತು. ಅದು ಸಡಿಲವಾಗಿದ್ದರೆ ಶಾಫ್ಟ್ ಕುಣಿದು ಯಾವ ಸೀಲನ್ನೂ ಉಳಿಸುತ್ತಿರಲಿಲ್ಲವಂತೆ. ಡ್ರಮ್ಮುಗಳನ್ನು ತೊಳೆದು, ಲೈನಿಂಗ್ ಹಾಕಿ, ಖಾಲಿ ರಸ್ತೆಯಲ್ಲಿ ಹತ್ತು ಸಲ ಬ್ರೇಕ್ ಒತ್ತಿ ನೋಡಿದ ಮೇಲೆಯೇ ಬೀಗದಕೈ ಕೈಗಿಟ್ಟರು. ಸೀಲಿನ ಬೆಲೆಗಿಂತ ಆ ಎರಡು ದಿನ ಮಕ್ಕಳು ಕುಡಿದ ಎಳನೀರಿನ ಬಿಲ್ಲೇ ಹೆಚ್ಚಾಗಿತ್ತು. ಮೊಮ್ಮಗಳ ಪೌಡರ್ ಡಬ್ಬವನ್ನೂ ಅದೇ ಖರ್ಚಿಗೆ ಸೇರಿಸಿದ್ದೇನೆ.

ಮೂರನೆಯ ದಿನ ಬೆಳಿಗ್ಗೆ ಮಡಕಶಿರಾ ಹಾದು ಪಾವಗಡಕ್ಕೆ. ಮಡಕಶಿರಾ ಅದುವರೆಗೆ ಅನಂತಪುರ ಜಿಲ್ಲೆಯಲ್ಲಿತ್ತು. ಆ ಏಪ್ರಿಲ್ ತಿಂಗಳಲ್ಲೇ ಹುಟ್ಟಿದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತ್ತು. ಅಂಗಡಿಗಳ ಫಲಕಗಳಲ್ಲಿ ಇನ್ನೂ ಹಳೇ ಜಿಲ್ಲೆಯ ಹೆಸರು. ಈ ಕಡೆ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಒಂದೇ ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಊರು ಸೇರುತ್ತದೆ.

1979ರಲ್ಲಿ ನಾನು ಪಾವಗಡದಲ್ಲಿದ್ದಾಗ ಕಡಲೆಕಾಯಿ ಬೆಳೆಸಾಲದ ಲೆಡ್ಜರ್ ನನ್ನ ಕೈಯಲ್ಲಿತ್ತು. ಮಳೆ ಹೋದ ವರ್ಷ ಅದರಲ್ಲಿ ಜಮಾ ಕಾಲಂ ಖಾಲಿ ಇರುತ್ತಿತ್ತು. ತಲೆಗೆ ಟವೆಲ್ ಸುತ್ತಿದ ರೈತರು ಕೌಂಟರಿನ ಮುಂದೆ ಮಾತಿಲ್ಲದೆ ನಿಂತಿರುತ್ತಿದ್ದರು. ಈಗ ತಿರುಮಣಿ, ಬಳಸಮುದ್ರದ ಕಡೆ ಅದೇ ಹೊಲಗಳ ಮೇಲೆ ಕಣ್ಣು ಹಾಯುವವರೆಗೆ ನೀಲಿ ಫಲಕಗಳು. ಸುಮಾರು 13,000 ಎಕರೆ, 2,050 ಮೆಗಾವಾಟ್. 2018ರ ಮಾರ್ಚ್ 1ರಂದು ಉದ್ಘಾಟನೆಯಾದ ಸೌರ ವಿದ್ಯುತ್ ಪಾರ್ಕು. ಜಮೀನು ರೈತರದೇ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಬಾರದ ಮಳೆಯಿಂದ ಸಾಲ, ಬಿಡದ ಬಿಸಿಲಿನಿಂದ ಬಾಡಿಗೆ! ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಜಮೀನಿಲ್ಲದವರ ಖಾತೆಗೆ ಈ ಬಾಡಿಗೆ ಬರುವುದಿಲ್ಲ. ಮೊಮ್ಮಗ, "ಹಾಗಾದ್ರೆ ಅವರು ಏನ್ಮಾಡ್ತಾರೆ ತಾತ?" ಎಂದ. ಕೆಲವರು ಬೆಂಗಳೂರಿಗೆ ಹೋಗುತ್ತಾರೆ ಎಂದೆ. ಅವನು ಬಹಳ ಹೊತ್ತು ಕಿಟಕಿಯಿಂದಾಚೆ ನೋಡುತ್ತಿದ್ದ.

ಶನಿಮಹಾತ್ಮನ ಗುಡಿಯ ಮುಂದೆ ಗಾಡಿ ನಿಂತಿತು. ನಮ್ಮ ಮನೆಯವರು ಹರಕೆಯಂತೆ ಎಳ್ಳೆಣ್ಣೆಯ ದೀಪ ಹಚ್ಚಿ ಬಂದರು. ಕೊನೆಯ ಕ್ಯಾಲೆಂಡರ್ ಹಾಳೆ, ಡಿಸೆಂಬರ್ ತಿಂಗಳದ್ದು, ಆಕ್ಸಲ್ ಕೆಳಗೆ ಒಂದೂವರೆ ಗಂಟೆ ಇತ್ತು. ಎತ್ತಿ ನೋಡಿದರೆ ಅದರ ಮೇಲೆ ಗಾಳಿಗೆ ಹಾರಿಬಂದ ಒಂದು ಬೇವಿನ ಎಲೆ. ಮೊಮ್ಮಗ ಹಾಳೆಯ ಫೋಟೋ ತೆಗೆದು ಅವರಪ್ಪನಿಗೆ ಕಳಿಸಿದ. ಉತ್ತರ ಬರಲು ಅರ್ಧ ಗಂಟೆಯಾಯಿತು. "ಸರಿ. ಫೀಸು 5,000 ನಾನೇ ಕಟ್ತೀನಿ" ಎಂದಿತ್ತು.

ಜೂನ್‌ನಲ್ಲಿ ಗಾಡಿ ಪಾಸಾಯಿತು. 2027ರವರೆಗೆ ಓಡಿಸಬಹುದು. ತಿಂಗಳಿಗೊಮ್ಮೆ ಬ್ರೀದರನ್ನು ಬಟ್ಟೆಯಿಂದ ಒರೆಸುವುದು ನನ್ನ ಕೆಲಸ. ಮೊನ್ನೆ ದಸರಾ ರಜೆಗೆ ಬಂದ ಮೊಮ್ಮಗ ಮತ್ತೊಂದು ಹಾಳೆ ಹಾಸಿದ. ಹಿಂದೆಲ್ಲ ಒಣಗಿತ್ತು. ಮುಂದೆ, ಸ್ಟೀರಿಂಗ್ ಬಾಕ್ಸಿನ ನೇರಕ್ಕೆ, ಎರಡು ಹನಿ.